ಶ್ವೇತಸರ್ಪದ ಪ್ರೇಮ, ಅಮರತ್ವದ ಬೆಲೆ

ಚೀನಾದ ಅಮರರ ಕಥೆಗಳಲ್ಲಿ ಸಾವನ್ನು ಮೀರುವ ದಾರಿ ದೀರ್ಘ ತಪಸ್ಸು. ಆ ತಪಸ್ಸನ್ನು ಕೆಡಿಸುವುದು ಪ್ರೇಮ. ಶ್ವೇತಸರ್ಪದ ಕಥೆಯಲ್ಲಿ ಈ ಇಕ್ಕಟ್ಟು ಅತ್ಯಂತ ತೀವ್ರವಾಗಿದೆ. ಸಾವಿರ ವರ್ಷದ ಸಾಧನೆಯಿಂದ ಹೆಣ್ಣಾದ ಶ್ವೇತಸರ್ಪ ಬಾಯ್ ಸುಜೆನ್, ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಬಳಿ ಭೇಟಿಯಾದ ಶು ಶಿಯಾನ್‌ನನ್ನು ವರಿಸುತ್ತಾಳೆ. ಫೆಂಗ್ ಮೆಂಗ್‌ಲಾಂಗ್ 1624ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಆಕೆ ಬಹುಮಟ್ಟಿಗೆ ಭಯಂಕರ ಜೀವಿ. 18ನೇ ಶತಮಾನದ ನಾಟಕಗಳು ಆಕೆಯನ್ನು ಪತಿಗಾಗಿ ಸಂಕಟಪಡುವ ಹೆಂಡತಿಯನ್ನಾಗಿಸಿದವು.

ದುವಾನ್‌ವು ಹಬ್ಬದಂದು ಮನಃಶಿಲೆ ಬೆರೆಸಿದ ಮದ್ಯ ಕುಡಿದಾಗ ಆಕೆಯ ಸರ್ಪರೂಪ ಬಯಲಾಗುತ್ತದೆ; ಕಂಡ ಪತಿ ಬೆದರಿ ಸಾಯುತ್ತಾನೆ. ಬಸುರಿಯಾದರೂ ಆಕೆ ಅಮರರ ಪರ್ವತಕ್ಕೆ ಹೋಗಿ, ಕಾವಲುಗಾರರೊಡನೆ ಹೋರಾಡಿ, ಜೀವದಾಯಿ ಮೂಲಿಕೆ ತಂದು ಪತಿಯನ್ನು ಬದುಕಿಸುತ್ತಾಳೆ. ಪಣಕ್ಕಿಟ್ಟದ್ದು ಸಾವಿರ ವರ್ಷದ ಗಳಿಕೆಯನ್ನೇ.

ಇದಕ್ಕೆ ವಿರುದ್ಧವಾಗಿ, ಹೆಂಡತಿ ಸತ್ತಾಗ ಪಾತ್ರೆ ಬಡಿದು ಹಾಡಿದನೆಂದು ಹೇಳಲಾಗುವ ದಾರ್ಶನಿಕ ಜುವಾಂಗ್‌ಝಿಗೆ ಸಾವು ಋತುಗಳಂತೆ ಸಹಜ ಬದಲಾವಣೆ. ಕಥೆಯಲ್ಲಿ ಬರುವ ಬೌದ್ಧ ಸನ್ಯಾಸಿ ಫಾಹಾಯ್‌ಗೆ ಈ ದಾಂಪತ್ಯವೇ ಮೋಹ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಶೋಕದಲ್ಲಿರುವವಳಿಗೆ ಅದು ಸಾಲದು. ಆಕೆಯ ಪ್ರೇಮವೂ ನಿರಪರಾಧಿಯಲ್ಲ. ಗಂಡನನ್ನು ಫಾಹಾಯ್ ತಡೆದಿಟ್ಟುಕೊಂಡ ಜಿನ್‌ಶಾನ್ ದೇಗುಲದ ಮೇಲೆ ಆಕೆ ನೆರೆ ಹರಿಸಿದಾಗ ಸಂಬಂಧವೇ ಇಲ್ಲದವರು ಮುಳುಗುತ್ತಾರೆ. ಕಥೆಯ ನೈತಿಕ ಭಾರವೆಲ್ಲ ಇಲ್ಲಿದೆ: ತನ್ನ ಆಯುಷ್ಯವನ್ನು ಪಣಕ್ಕಿಡುವುದು ತ್ಯಾಗ, ಪರರದನ್ನು ಇಡುವುದು ಅಪರಾಧ.

ಶಿಕ್ಷೆಯಾಗಿ ಆಕೆಯನ್ನು ಲೇಫೆಂಗ್ ಗೋಪುರದಡಿ ಬಂಧಿಸಲಾಗುತ್ತದೆ. ನಿಜವಾದ ಆ ಗೋಪುರ 1924ರಲ್ಲಿ ಕುಸಿದಾಗ ಲೇಖಕ ಲು ಶುನ್ ಸಂತೋಷಪಟ್ಟು ಬರೆದರು. ಜನರ ಒಲವು ಸನ್ಯಾಸಿಯ ಕಡೆಗಲ್ಲ, ಸರ್ಪದ ಕಡೆಗಿತ್ತು.