ಹಾದಿಯ ವಿದ್ಯುತ್ತು: ಸೇವೆಯೋ ವ್ಯಾಪಾರವೋ

ಕನ್ನಡದಲ್ಲಿ ‘ಸೇವೆ’ ಎಂಬ ಮಾತಿಗೆ ಇರುವ ಗೌರವವು ‘ವ್ಯಾಪಾರ’ ಎಂಬ ಮಾತಿಗೆ ಇಲ್ಲ. ದೇವರಿಗೆ ಸಲ್ಲುವುದು ಸೇವೆ. ತಾಯಿತಂದೆಗಳಿಗೆ ಸಲ್ಲುವುದು ಸೇವೆ. ಅಂಗಡಿಯ ಕಟ್ಟೆಯ ಮೇಲೆ ನಡೆಯುವುದು ವ್ಯಾಪಾರ. ಮೊದಲನೆಯದರಲ್ಲಿ ಹೊಣೆಯುಂಟು, ಎರಡನೆಯದರಲ್ಲಿ ಲಾಭವುಂಟು ಎಂಬುದು ಲೋಕರೂಢಿಯ ಭಾವನೆ. ಆದರೆ ವಿದ್ಯುತ್ತಿನಿಂದ ಓಡುವ ವಾಹನಗಳ ವಿಷಯದಲ್ಲಿ ಈ ಎರಡು ಮಾತುಗಳು ತಮ್ಮ ಸ್ಥಾನವನ್ನು ಅದಲುಬದಲು ಮಾಡಿಕೊಂಡಿರುವುದು ವಿಚಾರಾರ್ಹವಾಗಿದೆ.

2003ರ ವಿದ್ಯುತ್ ಕಾಯಿದೆಯ 43ನೆಯ ಕಲಮಿನ ಪ್ರಕಾರ, ಪರವಾನಗಿ ಪಡೆದು ವಿದ್ಯುತ್ತನ್ನು ಹಂಚುವ ಸಂಸ್ಥೆಯು, ಅರ್ಜಿ ಕೊಟ್ಟವನ ಮನೆಗೆ ಗೊತ್ತಾದ ಅವಧಿಯೊಳಗೆ ಅದನ್ನು ಒದಗಿಸತಕ್ಕದ್ದು. ಬಳ್ಳಾರಿ ಸೀಮೆಯಲ್ಲಿ ಈ ಕಟ್ಟು ಜೆಸ್ಕಾಂ ಕಂಪನಿಯ ಮೇಲಿದೆ. ಸಿರುಗುಪ್ಪದ ಹೊಲಗೇರಿಯ ಗುಡಿಸಲಿನವನು ಕೇಳಿದರೂ, ಬಳ್ಳಾರಿಯ ಶ್ರೀಮಂತನು ಕೇಳಿದರೂ ‘ನಿನ್ನಿಂದ ಲಾಭವಿಲ್ಲ, ಹೋಗು’ ಎನ್ನಲು ಆ ಕಂಪನಿಗೆ ಅಧಿಕಾರವಿಲ್ಲ. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರದ ವಿದ್ಯುತ್ ಮಂತ್ರಾಲಯವು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು: ವಾಹನದ ಬ್ಯಾಟರಿಗೆ ವಿದ್ಯುತ್ತು ತುಂಬುವುದು ವಿದ್ಯುತ್ತಿನ ಮಾರಾಟವಲ್ಲ, ಅದೊಂದು ಸೇವೆ, ಆದುದರಿಂದ ಅದಕ್ಕೆ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಚಾರ್ಜಿಂಗ್ ಕೇಂದ್ರವನ್ನು ತೆರೆಯಲೆಂಬ ಒಳ್ಳೆಯ ಉದ್ದೇಶದಿಂದಲೇ ಹೀಗೆ ಮಾಡಿದರು. ಅದರಿಂದ ಕೇಂದ್ರಗಳು ಬೇಗ ಹೆಚ್ಚಿದುವೆಂಬುದೂ ನಿಜ. ಆದರೆ ಪರವಾನಗಿಯೊಡನೆ ಕರ್ತವ್ಯವೂ ಕಳಚಿ ಬಿದ್ದುದನ್ನು ಗಮನಿಸಿದವರು ಕಡಮೆ. ಮಾರುವವನಿಗೆ ಕೊಡಲೇಬೇಕೆಂಬ ಕಟ್ಟಿದೆ. ಸೇವೆ ಮಾಡುವವನಿಗೆ ಅದಿಲ್ಲ. ಅವನು ತನಗೆ ಬೇಕಾದ ಕಡೆ ಸೇವೆ ಮಾಡಬಹುದು, ಬೇಡವಾದಲ್ಲಿ ಬಿಡಬಹುದು.

ಇದರ ಫಲವು ಹೇಗಿರಬೇಕೋ ಹಾಗೆಯೇ ಇದೆ. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿಯೇ ನೀತಿಯೊಂದನ್ನು ಹೊರಡಿಸಿ ಕರ್ನಾಟಕವು ಎಲ್ಲ ರಾಜ್ಯಗಳಿಗಿಂತ ಮುಂದಾಯಿತು. 2024ರ ಹೊತ್ತಿಗೆ ರಾಜ್ಯದ ಸಾರ್ವಜನಿಕ ಕೇಂದ್ರಗಳು ಐದು ಸಾವಿರವನ್ನು ಮೀರಿದ್ದುವು. ಅವುಗಳಲ್ಲಿ ಬಹುಭಾಗವು ಬೆಂಗಳೂರಿನಲ್ಲಿಯೇ ನೆಲೆಸಿದ್ದಿತು. ಗಾಡಿ ಇರುವಲ್ಲಿಗೆ ಕೇಂದ್ರ ಬರುತ್ತದೆ, ಕೇಂದ್ರವಿರುವಲ್ಲಿ ಗಾಡಿ ಹೆಚ್ಚುತ್ತದೆ. ಹೆದ್ದಾರಿಯ ಎರಡು ಮಗ್ಗುಲುಗಳಲ್ಲಿಯೂ ಪ್ರತಿ 25 ಕಿಲೋಮೀಟರಿಗೆ ಒಂದು ಕೇಂದ್ರವಿರಬೇಕೆಂದು 2018ರ ಕೊನೆಯಲ್ಲಿ ಸರಕಾರವು ಸೂಚನೆಯನ್ನೇನೋ ಹೊರಡಿಸಿತು. ಆದರೆ ‘ಇರಬೇಕು’ ಎಂಬುದಕ್ಕೆ ಕರ್ತೃಪದವೇ ಇಲ್ಲ; ಯಾರು ಇಡಬೇಕು, ಇಡದಿದ್ದರೆ ಯಾರನ್ನು ಕೇಳಬೇಕು ಎಂಬುದು ಆ ವಾಕ್ಯದಲ್ಲಿ ಸಿಕ್ಕುವುದಿಲ್ಲ. ಬಳ್ಳಾರಿಯಿಂದ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿಯಾದುದರಿಂದ ಅದು ಆ ಸೂಚನೆಯ ಲೆಕ್ಕಕ್ಕಾದರೂ ಬರುತ್ತದೆ. ಆ ದಾರಿಯಿಂದ ಪಶ್ಚಿಮಕ್ಕೆ ಸರಿದಿರುವ ಕುರುಗೋಡಿನ ಗತಿಯೇನು?

ಕುರುಗೋಡು ಒಂದು ಕಾಲದಲ್ಲಿ ಸಿಂದರ ರಾಜಧಾನಿಯಾಗಿದ್ದಿತು. ಆ ಕಾಲದ ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಕೆರೆ, ಸತ್ರ, ಅರವಟ್ಟಿಗೆಗಳಿಗೆ ಬಿಟ್ಟ ದತ್ತಿಗಳು ಪರಿಚಿತವೇ. ಅರವಟ್ಟಿಗೆಯನ್ನು ಯಾರೂ ಬಾವಿಯ ಮಗ್ಗುಲಲ್ಲಿ ಇಡುತ್ತಿರಲಿಲ್ಲ. ನೀರು ಸಿಕ್ಕದ ದಾರಿಯಲ್ಲಿ, ಹಾದುಹೋಗುವವರು ಹತ್ತೇ ಜನರಾದರೂ ಆ ಹತ್ತು ಜನರಿಗಾಗಿ ಇಡುತ್ತಿದ್ದರು. ದತ್ತಿ ಕೊಟ್ಟವನು ಪುಣ್ಯದ ಆಸೆಯಿಂದ ಕೊಟ್ಟನೆಂಬುದನ್ನು ಒಪ್ಪಬೇಕು. ವಿದ್ಯುತ್ತನ್ನು ನೀರಿನಂತೆ ಬಿಟ್ಟಿ ಕೊಡಲಾಗದೆಂಬುದನ್ನೂ ಒಪ್ಪಬೇಕು. ಆದರೆ ಬೆಲೆ ತೆಗೆದುಕೊಳ್ಳುವುದು ಬೇರೆ, ಕೊಡದೆ ಬಿಡಲು ಸ್ವತಂತ್ರನಾಗಿರುವುದು ಬೇರೆ. ಅಂಚೆಯವನು ಕಾಗದಕ್ಕೆ ಬೆಲೆ ತೆಗೆದುಕೊಳ್ಳುತ್ತಾನೆ. ಆದರೂ ಕುರುಗೋಡಿನ ಕಾಗದವನ್ನು ಕುರುಗೋಡಿಗೇ ಮುಟ್ಟಿಸುತ್ತಾನೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕುವ ಕೂಲಿಯವಳು ಕೊಟ್ಟ ತೆರಿಗೆಯಿಂದ, ಕಾರುಳ್ಳವನ ಕಾರಿಗೆ ಅನುಕೂಲ ಮಾಡಿಕೊಡುವುದು ಯಾವ ನ್ಯಾಯ? ವೇಗವಾಗಿ ತುಂಬುವ 60 ಕಿಲೋವ್ಯಾಟಿನ ಒಂದು ಯಂತ್ರವು ಐದು ಅಶ್ವಶಕ್ತಿಯ ಹದಿನಾರು ಪಂಪುಸೆಟ್ಟುಗಳಷ್ಟು ಭಾರವನ್ನು ಹೊರಿಸುತ್ತದೆ. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರು ಬೇಕು, ಅದು ಹಗಲೆಲ್ಲ ಬರಿದೇ ನಿಂತರೂ ಅದರ ಖರ್ಚು ನಿಲ್ಲದು. ಪಂಪಿಗೆ ದಿನಕ್ಕೆ ಏಳು ಗಂಟೆಗಳ ತ್ರೀಫೇಸ್ ವಿದ್ಯುತ್ತನ್ನು ಕಾಯುವ ರೈತನ ಕಣ್ಣೆದುರಿಗೆ ಕಾರುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ಉಣಿಸುವ ಕಂಬವನ್ನು ನೆಡುವುದು ಕಣ್ಣಿಗೆ ಚುಚ್ಚುವ ಸಂಗತಿಯೇ ಸರಿ.

ಈ ಆಕ್ಷೇಪವು ಕಾರಿಗೆ ಅನ್ವಯಿಸುವಷ್ಟು ಗೂಡ್ಸ್ ಆಟೋಗೆ ಅನ್ವಯಿಸದು. ಸ್ವಂತ ಮನೆ, ಸ್ವಂತ ಅಂಗಳವುಳ್ಳವನು ರಾತ್ರಿ ತನ್ನ ಗೋಡೆಯ ಪ್ಲಗ್ಗಿಗೆ ಕಾರನ್ನು ಕಟ್ಟಿ ಮಲಗುತ್ತಾನೆ. ಎಂಟು ಹತ್ತು ಗಂಟೆ ಹಿಡಿದರೂ ಅವನಿಗೆ ನಷ್ಟವಿಲ್ಲ. ಬಳ್ಳಾರಿಯ ಗಲ್ಲಿಯಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿದ್ದು, ಜೀನ್ಸ್ ಹೊಲಿಯುವ ಮನೆಗಳಿಂದ ಗಂಟುಗಳನ್ನು ಹೊರುವ ಆಟೋದವನಿಗೆ ಅಂತಹ ಗೋಡೆಯೆಲ್ಲಿ? ಸಿರುಗುಪ್ಪದ ಅಕ್ಕಿಯ ಗಿರಣಿಗಳಿಂದ ಮೂಟೆ ಸಾಗಿಸುವವನಿಗೆ ಹಗಲಿನ ಎರಡು ಗಂಟೆ ನಿಂತರೆ ಎರಡು ಬಾಡಿಗೆ ತಪ್ಪುತ್ತದೆ. ಸಾರ್ವಜನಿಕ ಕೇಂದ್ರವು ಮೊದಲು ಬೇಕಾದುದು ಅಂಥವನಿಗೆ. ಆದುದರಿಂದ ಅದು ದೊಡ್ಡ ಹೋಟೆಲಿನ ಅಂಗಳಕ್ಕಿಂತ ಮೊದಲು ಎಪಿಎಂಸಿ ಮಾರುಕಟ್ಟೆಯ ಬಾಗಿಲಲ್ಲಿ ಬರತಕ್ಕದ್ದು. 2024ರ ಪಿಎಂ ಇ-ಡ್ರೈವ್ ಯೋಜನೆಯು ಚಾರ್ಜಿಂಗ್ ಕೇಂದ್ರಗಳಿಗೆಂದು ತೆಗೆದಿರಿಸಿದ 2,000 ಕೋಟಿ ರೂಪಾಯಿಗಳಲ್ಲಿ ಎರಡು, ಮೂರು ಚಕ್ರದ ಗಾಡಿಗಳಿಗೂ ಭಾಗವಿಟ್ಟಿರುವುದು ಸಮಾಧಾನದ ಸಂಗತಿ. ಆ ಭಾಗವು ಯಾವ ಊರುಗಳಿಗೆ ಮುಟ್ಟುವುದೆಂಬುದೇ ಪ್ರಶ್ನೆ.

ಬಳ್ಳಾರಿ ಸೀಮೆಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಒಂದು ಹಕ್ಕೂ ಉಂಟು. ಕುಡತಿನಿಯ ಬಳಿಯ ಶಾಖೋತ್ಪನ್ನ ಕೇಂದ್ರದಲ್ಲಿ 500 ಮೆಗಾವ್ಯಾಟಿನ ಎರಡು, 700 ಮೆಗಾವ್ಯಾಟಿನ ಒಂದು, ಒಟ್ಟು 1,700 ಮೆಗಾವ್ಯಾಟಿನ ಯಂತ್ರಗಳು ಕಲ್ಲಿದ್ದಲನ್ನು ಉರಿಸಿ ರಾಜ್ಯದ ತಂತಿಗಳಿಗೆ ವಿದ್ಯುತ್ತನ್ನು ಕೊಡುತ್ತಿವೆ. ಆ ತಂತಿಗಳಲ್ಲಿ ಬಿಸಿಲಿನ, ಗಾಳಿಯ, ಜೋಗದ ನೀರಿನ ವಿದ್ಯುತ್ತೂ ಬೆರೆತು ಹರಿಯುವುದರಿಂದ ಯಾವ ಕಾರಿಗೆ ಯಾವುದು ಸೇರಿತೆಂದು ಹೇಳಲಾಗದು. ಆದರೂ ರಾಜಧಾನಿಯ ಬೀದಿಯಲ್ಲಿ ಕಡಮೆಯಾದ ಹೊಗೆಯ ಒಂದಂಶ ಕುಡತಿನಿಯ ಚಿಮಣಿಯಲ್ಲಿ ಏಳುತ್ತದೆಂಬುದು ಸುಳ್ಳಲ್ಲ. ಅದಿರಿನ ಲಾರಿಗಳ ಕೆಂಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಸೀಮೆ ಇದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆದಾಗ, ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾರದೆ ಕುಳಿತುದನ್ನೂ ಕಂಡಿದೆ. ಬೂದಿಯನ್ನು ಹೊತ್ತವರಿಗೆ ಬೆಳಕಿನ ಸರದಿಯಲ್ಲಿ ಕಡೆಯ ಸ್ಥಾನವನ್ನು ಕೊಡುವುದು ಸರಿಯಲ್ಲ.

ಕೇಂದ್ರವನ್ನು ತೆರೆದುದರಿಂದಲೇ ಹೊಣೆ ತೀರದು. ಪೆಟ್ರೋಲು ಮುಗಿದವನು ಡಬ್ಬಿ ಹಿಡಿದು ನಡೆದಾನು. ಬ್ಯಾಟರಿ ಬರಿದಾದವನು ವಿದ್ಯುತ್ತನ್ನು ಡಬ್ಬಿಯಲ್ಲಿ ತರಲಾರನು. ಮೊಬೈಲಿನ ನಕಾಶೆಯಲ್ಲಿ ಕೇಂದ್ರವಿದೆಯೆಂದು ತೋರಿದುದನ್ನು ನಂಬಿ ಬಳ್ಳಾರಿಯಿಂದ ಹೊರಟವನು, ಏಪ್ರಿಲಿನ ಮಧ್ಯಾಹ್ನದಲ್ಲಿ ತೆಕ್ಕಲಕೋಟೆಯ ಬಳಿ ಕೆಟ್ಟು ನಿಂತ ಯಂತ್ರದೆದುರು ನಿಂತರೆ, ಅವನಿಗೆ ಆದುದು ಕೇವಲ ಅನನುಕೂಲವಲ್ಲ, ವಚನಭಂಗ. ನಕಾಶೆಯ ಮೇಲಿನ ಆ ಗುರುತು ಒಂದು ಮಾತು; ಮಾತು ಕೊಟ್ಟವನು ಯಾರೆಂಬುದು ಅಲ್ಲಿ ಬರೆದಿರಬೇಕು.

ಹಾಗಾದರೆ ಈ ಮಾತನ್ನು ಯಾರು ಕೊಡಬೇಕು? ಲಾಭವಿದ್ದಲ್ಲಿ ಖಾಸಗಿಯವರು ಕೊಡಲಿ, ಅಡ್ಡಿಯಿಲ್ಲ. ಲಾಭವಿಲ್ಲದ ಊರುಗಳಿಗೆ, ಲಾಭವಿಲ್ಲದ ಹಳ್ಳಿಗೂ ಬಸ್ಸು ಬಿಟ್ಟು ಅಭ್ಯಾಸವಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವುಂಟು, ಕೊಡಲೇಬೇಕೆಂಬ ಕಟ್ಟಿಗೆ ಒಳಪಟ್ಟ ಜೆಸ್ಕಾಂ ಉಂಟು. ಮೂರೂ ಊರುಗಳಲ್ಲಿ ಬಸ್ ನಿಲ್ದಾಣಗಳಿವೆ. ಅಲ್ಲಿ ದೀಪವಿದೆ, ಕಾವಲಿದೆ, ಕುಡಿಯುವ ನೀರಿದೆ, ಸರಿರಾತ್ರಿಯಲ್ಲಿಯೂ ಯಾರಾದರೊಬ್ಬರು ಎಚ್ಚರವಾಗಿರುತ್ತಾರೆ. ಕುರುಗೋಡಿನ ನಿಲ್ದಾಣದ ಒಂದು ಮೂಲೆಯಲ್ಲಿ ಆಟೋಗಳಿಗೆ ಸಾಕಾಗುವ ನಿಧಾನದ ಎರಡು ಕಂಬಗಳನ್ನು ನೆಟ್ಟು, ಕೆಟ್ಟರೆ ಇಂಥವರನ್ನು ಕೇಳಬಹುದೆಂದು ಹಲಗೆ ಹಾಕಲು ಅಗತ್ಯವಾದ ಹಣವು ಹೆಚ್ಚಿನದೇನೂ ಅಲ್ಲ.