ಓದಿನ ಎಣಿಕೆ, ಓದಿನ ಗಳಿಕೆ

ಮನುಷ್ಯನು ಸಂಕಲ್ಪಜೀವಿ. ಸಂಕಲ್ಪವಿಲ್ಲದೆ ಯಾವ ಸತ್ಕಾರ್ಯವೂ ಆರಂಭವಾಗದು. ಆದರೆ ಸಂಕಲ್ಪದ ಬೆನ್ನಿಗೇ ಅಹಂಕಾರವು ಬಂದು ಕುಳಿತರೆ ಕಾರ್ಯವು ಮುಗಿದರೂ ಫಲಿಸದು. ದಾನಕ್ಕೂ ಉಪವಾಸಕ್ಕೂ ತೀರ್ಥಯಾತ್ರೆಗೂ ಸಲ್ಲುವ ಈ ಮಾತು ಓದಿಗೂ ಸಲ್ಲುತ್ತದೆಂಬುದನ್ನು ನಮಗೆ ಮನಗಾಣಿಸಿದ ಒಂದು ಪ್ರಸಂಗವನ್ನು ಸದ್ಭಕ್ತರ ಮುಂದಿಡಬಯಸುತ್ತೇವೆ.

ಕಳೆದ ಶ್ರಾವಣದಲ್ಲಿ ಶಿರಹಟ್ಟಿಯ ಕಡೆಯ ತರುಣ ಶಿಕ್ಷಕನೊಬ್ಬನು ದರ್ಶನಕ್ಕೆ ಬಂದನು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದವನು. ಕನ್ನಡಿಗರು ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿಯೊಂದನ್ನು ಹಿಡಿದು, ಅವನ್ನೆಲ್ಲ ಒಂದು ವರ್ಷದೊಳಗೆ ಮುಗಿಸುವ ಪಂಥವನ್ನು ಗೆಳೆಯರೊಡನೆ ಕಟ್ಟಿದ್ದನು. ಮುಗಿದ ಪುಸ್ತಕಗಳ ಹೆಸರು ಬರೆದಿದ್ದ ವಹಿಯನ್ನು ಸಂತೋಷದಿಂದ ತೋರಿಸಿದನು. ಅರವತ್ತಮೂರು ಆಗಿದ್ದವು. ನಮಗೂ ಸಂತೋಷವಾಯಿತು. "ತಮ್ಮಾ, ಇವುಗಳಲ್ಲಿ ಮತ್ತೊಮ್ಮೆ ಓದಬೇಕು ಅನ್ನಿಸಿದ್ದು ಯಾವುದು?" ಎಂದು ಕೇಳಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, "ಅದಕ್ಕ ಯಾಳೇ ಎಲ್ಲೈತ್ರಿ ಅಜ್ಜಾರ? ಇನ್ನೂ ಮೂವತ್ತೇಳು ಉಳದಾವ್ರಿ" ಎಂದನು.

ಆ ಉತ್ತರವನ್ನು ಕೇಳಿ ನಗಲು ನಮಗೆ ಅಧಿಕಾರವಿರಲಿಲ್ಲ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ನಾವೂ ಇಂಥದೇ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೆವು. ರಜೆಯಲ್ಲಿ ಮಠಕ್ಕೆ ಬಂದಾಗಲೂ ಅದೇ ಧ್ಯಾನ. ಓದುಬಾರದ ಒಬ್ಬ ವೃದ್ಧ ಒಕ್ಕಲಿಗ ಭಕ್ತರು ಸಾಯಂಕಾಲ ಬಂದು, ಚಾಮರಸನ ಪ್ರಭುಲಿಂಗಲೀಲೆಯಲ್ಲಿಯ ಗೊಗ್ಗಯ್ಯನ ಪ್ರಸಂಗವನ್ನು ಓದಿ ಅರ್ಥ ಹೇಳಬೇಕೆಂದು ಕೇಳುತ್ತಿದ್ದರು. ನಾವು ಅದನ್ನು ಹಿಂದಿನ ವರ್ಷವೇ ಓದಿ ಗೆರೆ ಎಳೆದಾಗಿತ್ತು. "ನಾಳೆ ನೋಡೋಣ" ಎಂದೆವು. ಮರುದಿನವೂ ಹಾಗೆಯೇ ಎಂದೆವು. ಮುಂದಿನ ರಜೆಗೆ ಬಂದಾಗ ಅವರು ಲಿಂಗೈಕ್ಯರಾಗಿದ್ದರು. ಪಟ್ಟಿಯು ಪೂರ್ಣವಾಯಿತು, ಆ ಓದು ಮಾತ್ರ ಇಂದಿಗೂ ಅಪೂರ್ಣವಾಗಿಯೇ ಉಳಿದಿದೆ.

ಹಾಗಾದರೆ ಪಟ್ಟಿಯೇ ದೋಷವೆ? ಹಾಗೆನ್ನುವುದು ಅವಿಚಾರವಾದೀತು. 1886ರಲ್ಲಿ ಲಂಡನ್ನಿನಲ್ಲಿ ಸರ್ ಜಾನ್ ಲಬಕ್ ಎಂಬುವರು ದುಡಿಯುವ ಜನರ ಕಾಲೇಜಿನಲ್ಲಿ ಉಪನ್ಯಾಸ ಮಾಡಿ, ಸುಮಾರು ನೂರು ಉತ್ತಮ ಗ್ರಂಥಗಳನ್ನು ಸೂಚಿಸಿದರು. ನಮ್ಮ ರಾಮಾಯಣ ಮಹಾಭಾರತಗಳಿಗೂ ಅದರಲ್ಲಿ ಸ್ಥಾನವಿತ್ತು. ಅಮೇರಿಕೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಐದು ಅಡಿ ಉದ್ದದ ಹಲಗೆಯಲ್ಲಿ ಹಿಡಿಸುವ ಗ್ರಂಥಮಾಲೆಯನ್ನು 1909ರಿಂದ ಹೊರತಂದರು. ಪಂಡಿತರ ಸಹವಾಸವಿಲ್ಲದ ಸಾಮಾನ್ಯನಿಗೆ ದಾರಿ ತೋರುವುದೇ ಇವುಗಳ ಉದ್ದೇಶವಾಗಿತ್ತು. ಗುರುವು ದೊರೆಯದ ಕಡೆ ಪಟ್ಟಿಯೂ ಒಂದು ಬಗೆಯ ಮಾರ್ಗದರ್ಶಕ. ಅಲ್ಲದೆ, ಚಂಚಲವಾದ ಮನಸ್ಸಿಗೆ ನಿಯಮದ ಕಟ್ಟು ಬೇಕೇ ಬೇಕು. ಮೊಬೈಲಿನಲ್ಲಿ ಕರಗಿಹೋಗುವ ಹೊತ್ತನ್ನು ಈ ತರುಣನು ಪುಸ್ತಕಕ್ಕೆ ಕೊಟ್ಟನಲ್ಲ, ಅದು ಪಂಥದಿಂದಲೇ ಸಾಧ್ಯವಾಯಿತು.

ಆದರೆ ದಾರಿಗಲ್ಲು ದಾರಿಯನ್ನು ತೋರಿಸುತ್ತದೆ. ಅದನ್ನು ಎಣಿಸುವುದೇ ಪ್ರಯಾಣವಲ್ಲ. ಎಣಿಕೆಯು ಗುರಿಯಾದಾಗ ದೊಡ್ಡ ಪುಸ್ತಕ ಹಿಂದೆ ಸರಿಯುತ್ತದೆ, ತೆಳ್ಳಗಿನದು ಮುಂದೆ ಬರುತ್ತದೆ. ತಿಳಿಯದ ಪುಟದಲ್ಲಿ ನಿಲ್ಲುವುದು ನಷ್ಟವೆನಿಸುತ್ತದೆ. ಓದುವವನ ಅಂತರಂಗವನ್ನು ಕಲಕಬೇಕಾದ ಕೃತಿಯು ಅವನ ವಹಿಯಲ್ಲಿ ಒಂದು ಗೆರೆಯಾಗಿ ಮುಗಿದುಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ನೆಲವೇ ನಮಗೆ ಪಾಠ ಹೇಳುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗಿಂತ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸುತ್ತದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಪಟ್ಟಿ ಅದೆನ್ನಬಹುದು. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹೆಸರುಗಳು ಅಲ್ಲಿವೆ; ಅವರ ಕನ್ನಡ ಗದ್ಯಕೃತಿ ಒಂದೂ ನಮಗೆ ಉಳಿದುಬಂದಿಲ್ಲ. ಪಟ್ಟಿಯು ಹೆಸರನ್ನು ಕಾಯ್ದಿತು, ಕೃತಿಯನ್ನು ಕಾಯಲಾರದೆ ಹೋಯಿತು. ಅದೇ ಗ್ರಂಥವು ತಿರುಳ್ಗನ್ನಡದ ನಾಡನ್ನು ಹೇಳುವಾಗ ಪುಲಿಗೆರೆಯನ್ನು, ಎಂದರೆ ಶಿರಹಟ್ಟಿಯ ನೆರೆಯ ಇಂದಿನ ಲಕ್ಷ್ಮೇಶ್ವರವನ್ನು, ಎಣಿಸುತ್ತದೆ. ಈ ನಾಡಿನ ಜನರು ಓದದೆಯೂ ಕಾವ್ಯದಲ್ಲಿ ನಿಪುಣರೆಂದು ಮೆಚ್ಚುತ್ತದೆ. ಹೊಲದಿಂದ ಬಂದು ನಮ್ಮ ಬಾಗಿಲಲ್ಲಿ ನಿಂತ ಆ ವೃದ್ಧರು ಅಂಥ ಜನರ ವಂಶದವರೇ ಅಲ್ಲವೆ?

ಗದುಗಿಗೆ ಸಮೀಪದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಬ್ಬನು ನೂರು ಪುಸ್ತಕಗಳನ್ನು ಓದುವುದು ಒಂದು ಬಗೆ. ಒಂದೇ ಪುಸ್ತಕವನ್ನು ಸಾವಿರ ಮನೆಗಳಿಗೆ ಮುಟ್ಟಿಸುವುದು ಇನ್ನೊಂದು ಬಗೆ. ಪಟ್ಟಿಯೊಂದು ಅಳಿದ ಕೃತಿಗಳ ಹೆಸರನ್ನಷ್ಟೇ ಉಳಿಸಿದರೆ, ಈ ಹಂಚುವಿಕೆಯು ಕೃತಿಯನ್ನೇ ಬದುಕಿಸಲು ಮಾಡಿದ ಪ್ರಯತ್ನವಾಗಿದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸುತ್ತ ಮನೆಮನೆ ಅಲೆದಾಗ ಅವರ ಕೈಗೆ ಯಾರೂ ಪಟ್ಟಿ ಬರೆದುಕೊಟ್ಟಿರಲಿಲ್ಲ. ಓದಿದ್ದನ್ನು ನಾಡಿಗೆ ಹಂಚದೆ ಇರಲಾರದ ಹಸಿವು ಅವರದಾಗಿತ್ತು. 1923ರಲ್ಲಿ ಪ್ರಕಟವಾದ ವಚನಶಾಸ್ತ್ರಸಾರದ ಮೊದಲ ಭಾಗವು ಆ ಹಸಿವಿನ ಫಲ. ಓದು ಕಾಯಕವಾದರೆ, ಹಂಚುವುದು ಅದರ ದಾಸೋಹ. ಒಂದನ್ನು ಬಿಟ್ಟು ಮತ್ತೊಂದು ಪೂರ್ಣವಾಗದು.

ಆದುದರಿಂದ ಆ ತರುಣನಿಗೆ ಪಂಥವನ್ನು ಬಿಡೆಂದು ನಾವು ಹೇಳಲಿಲ್ಲ. ಮೂರು ಮಾತು ಸೇರಿಸಿದೆವು. ಹತ್ತು ಪುಸ್ತಕಗಳಿಗೆ ಒಂದನ್ನು ಮರಳಿ ಓದಬೇಕು. ಒಂದನ್ನು ಮನೆಯಲ್ಲಿ ಓದುಬಾರದವರಿಗೆ ಓದಿ ಹೇಳಬೇಕು. ಯಾವ ಪಟ್ಟಿಯಲ್ಲಿಯೂ ಇಲ್ಲದ ಒಂದನ್ನು ತಾನಾಗಿ ಅರಸಿ ಓದಬೇಕು. ಇದರಿಂದ ಲೆಕ್ಕ ತಪ್ಪಿದರೆ ತಪ್ಪಲಿ.

ಕಾರ್ತೀಕದಲ್ಲಿ ಅವನು ಮತ್ತೆ ಬಂದನು. ವಹಿಯಲ್ಲಿ ಸಂಖ್ಯೆ ಎಪ್ಪತ್ತನ್ನೂ ಮುಟ್ಟಿರಲಿಲ್ಲ; ಪಂಥದಲ್ಲಿ ಗೆಳೆಯರು ಮುಂದಾಗಿದ್ದರು. "ಸೋತೆನ್ರಿ ಅಜ್ಜಾರ" ಎಂದು ನಕ್ಕನು. ದಿನಾಲೂ ರಾತ್ರಿ ಅಜ್ಜಿಗೆ ಓದಿ ಹೇಳುತ್ತಿದ್ದಾನೆ. ಆಕೆ ನಡುವೆ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತದೆಯಂತೆ. ಯಾವ ಪುಸ್ತಕವೆಂದು ಕೇಳಿದೆವು. ಪ್ರಭುಲಿಂಗಲೀಲೆ ಎಂದನು.

ನಮ್ಮ ಹಳೆಯ ಋಣವು ಅದರಿಂದ ತೀರಿತೆಂದು ಭಾವಿಸುವಷ್ಟು ಸುಲಭರು ನಾವಲ್ಲ. ಆದರೆ ಅಂದು ಸಾಯಂಕಾಲ ಗೊಗ್ಗಯ್ಯನ ಪ್ರಸಂಗವನ್ನು ತೆಗೆದು, ಪಡಸಾಲೆಯಲ್ಲಿದ್ದ ನಾಲ್ವರು ಭಕ್ತರನ್ನು ಕರೆದು ಕೂಡಿಸಿ, ಗಟ್ಟಿಯಾಗಿ ಓದಿದೆವು.