ತರಗೆಲೆಯಡಿಯ ಕಾಯಕ

ಕಾಯಕವೆಂಬ ಪದ ಕಿವಿಗೆ ಬಿದ್ದೊಡನೆ ಭಕ್ತರ ಮನಸ್ಸಿಗೆ ನೇಗಿಲು, ಮಗ್ಗ, ದೋಣಿಗಳು ತೋರುತ್ತವೆ. ಮಲೆನಾಡಿನ ಕಾಡಿನಲ್ಲಿ ತರಗೆಲೆಯ ಕೆಳಗೆ ನಡೆಯುವ ಕಾಯಕವಾದರೋ ಯಾರ ಕಣ್ಣಿಗೂ ಬೀಳದು. ಮುಟ್ಟಿದರೆ ಉಂಡೆಯಾಗಿ ಸುರುಳಿಕೊಳ್ಳುವ ಸಹಸ್ರಪದಿಯು ಕೊಳೆತ ಎಲೆಯನ್ನು ತಿಂದು ಹಿಕ್ಕೆಯಾಗಿಸಿ ಮಣ್ಣಿಗೆ ಬಿಡುತ್ತದೆ. ಸೂಜಿಮೊನೆಯಷ್ಟು ಸಣ್ಣ ನುಸಿಗಳು ಎಲೆಗೆ ಹತ್ತಿದ ಬೂಷ್ಟನ್ನು ಮೇಯುತ್ತವೆ. ಗೆದ್ದಲು ಬಿದ್ದ ಮರವನ್ನು ಮಣ್ಣುಗೂಡಿಸುತ್ತದೆ. ಎರೆಹುಳವು ಬಿಲ ಕೊರೆದು ಮಳೆನೀರಿಗೆ ಹಾದಿ ಮಾಡುತ್ತದೆ. ಎರೆಹುಳದ ಕೆಲಸವೊಂದನ್ನೇ ಕುರಿತು ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ತಾನುಂಡುದನ್ನು ಮರದ ಬೇರಿಗೆ ಉಣಿಸುವ ಈ ಬಾಳನ್ನು ದಾಸೋಹವೆಂದರೆ ತಪ್ಪಾದೀತೇ? ದಾಸೋಹಕ್ಕೆ ಅರಿವು ಬೇಕು, ಹುಳುವಿಗೆ ಅದಿಲ್ಲವೆನ್ನಬಹುದು. ನಿಜ. ಆದರೆ ಅರಿವುಳ್ಳವನು ಅದರ ಅನ್ನವನ್ನೇ ಕಸಿದುಕೊಂಡರೆ ಆ ಅರಿವಿಗೆ ಬೆಲೆಯೇನು?

ಅಡಕೆ ತೋಟದ ಗೃಹಸ್ಥನಿಗೆ ಇದು ದೂರದ ಮಾತಲ್ಲ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಆಡಳಿತಕಾಲದಿಂದ ಬಂದಿದೆ. ಸೊಪ್ಪು ಕಡಿದು, ದರಕು ಗುಡಿಸಿ, ಕೊಟ್ಟಿಗೆಯಲ್ಲಿ ಗೊಬ್ಬರ ಮಾಡಿ ತೋಟಕ್ಕುಣಿಸುವ ಪದ್ಧತಿಯಲ್ಲಿ ದೋಷವಿಲ್ಲ. ಮೋಳಿಗೆಯ ಮಾರಯ್ಯನವರು ಕಾಡಿನ ಕಟ್ಟಿಗೆಯಿಂದಲೇ ಜಂಗಮದಾಸೋಹ ನಡೆಸಿದವರಲ್ಲವೇ! ದೋಷವಿರುವುದು ನೆಲ ಬರಿದಾಗುವ ತನಕ ಗುಡಿಸುವುದರಲ್ಲಿ. ಹೊದಿಕೆ ಕಳೆದುಕೊಂಡ ಮಣ್ಣು ಬಿಸಿಲಿಗೆ ಒಣಗುತ್ತದೆ. ತೇವವನ್ನೇ ನಂಬಿದ ಜೀವಿಗಳು ಅಳಿಯುತ್ತವೆ. ಮಳೆಹನಿಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬೇಸಗೆಯಲ್ಲಿ ಬೆಂಕಿ ಹಾಕಿದರಂತೂ ಆಳದಲ್ಲಿರುವ ಎರೆಹುಳ ಬದುಕಿದರೂ ಬದುಕೀತು, ಎಲೆಯ ಹಾಸಿನೊಳಗಿನ ಜೀವಕ್ಕೆ ಓಡಲು ಎಡೆಯಿಲ್ಲ. ಮುಂಜಾನೆ ಲಿಂಗಕ್ಕೆ ಬಿಲ್ವಪತ್ರೆ ಏರಿಸಿದ ಕೈಯೇ ಮಧ್ಯಾಹ್ನ ಕಡ್ಡಿ ಗೀರುವುದಾದರೆ ಆ ಪೂಜೆ ಎಲ್ಲಿ ಮುಟ್ಟಿತು?

ನೆಡುವುದರಲ್ಲಿಯೂ ವಿವೇಕ ಬೇಕು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೀಲಗಿರಿ, ಅಕೇಶಿಯಾ ಸಸಿಗಳನ್ನು ಹೇರಳವಾಗಿ ನೆಡಲಾಯಿತು. ಹಸಿರೇನೋ ಬಂದಿತು, ಸೌದೆಯೂ ದೊರೆಯಿತು. ಆದರೆ ಆ ಎಲೆಗಳು ಒರಟು, ಬೇಗ ಕೊಳೆಯವು. ಹಲವು ಜಾತಿಯ ಎಲೆ ಉದುರುವ ಕಾಡಿನಲ್ಲಿ ಹಲವು ಬಾಯಿಗೆ ಹಲವು ಬಗೆಯ ಉಣಿಸು. ಒಂದೇ ಮರದ ತೋಪಿನಲ್ಲಿ ಒಂದೇ ಎಡೆ, ಅದೂ ಬಹುಮಂದಿಗೆ ಒಗ್ಗದ ಎಡೆ.

ನೇಗಿಲು ಹೂಡಿದರೂ ಹುಳು ಸಾಯುತ್ತದೆ, ಬೇಸಾಯವೇ ಪಾಪವೇ ಎಂದು ಕೇಳುವವರುಂಟು. ಒಕ್ಕಲಿಗ ಮುದ್ದಣ್ಣನವರನ್ನು ಶರಣರೆಂದು ಗೌರವಿಸಿದ ಪರಂಪರೆ ಬೇಸಾಯವನ್ನು ಎಂದೂ ಹಳಿಯಲಿಲ್ಲ. ಹೊಟ್ಟೆಗಾಗಿ ಅನಿವಾರ್ಯವಾದ ಹಿಂಸೆ ಬೇರೆ. ಸೋಮಾರಿತನದಿಂದ ಬೆಟ್ಟವನ್ನು ಸುಡುವುದು ಬೇರೆ. ಬಸವಣ್ಣನವರು ದಯೆಯ ಎಲ್ಲೆಯನ್ನು ಮನುಷ್ಯಕುಲದ ಬಳಿ ನಿಲ್ಲಿಸಲಿಲ್ಲ.

ಮಾಡಬೇಕಾದುದು ಕಷ್ಟದ್ದೇನಲ್ಲ. ಬೆಟ್ಟವನ್ನು ಪಾಲು ಮಾಡಿ ವರ್ಷಕ್ಕೊಂದು ಪಾಲನ್ನು ಗುಡಿಸದೆ ಬಿಡಬೇಕು. ಗುಡಿಸಿದೆಡೆಯಲ್ಲಿಯೂ ತೆಳುವಾದ ಹಾಸು ಉಳಿಯಬೇಕು. ಬಿದ್ದು ಕೊಳೆಯುತ್ತಿರುವ ಬೊಡ್ಡೆಯೊಂದೆರಡನ್ನು ಒಲೆಗೆ ಒಯ್ಯದಿರಬೇಕು. ಮಳೆ ಹಿಡಿದ ಮೇಲೆ ಬಿಟ್ಟ ಪಾಲಿನಲ್ಲಿ ಎಲೆ ಸರಿಸಿ ನೋಡಿದರೆ, ಅಡಿಯ ಕರಿಮಣ್ಣಿನಲ್ಲಿ ಹಿಕ್ಕೆಯ ಕಾಳುಗಳು ಬೆರಳಿಗೆ ಹತ್ತುತ್ತವೆ.